ಮಕ್ಕಳ ವಾರ್ಡಿನ ಅಕ್ಕಾರಿಗೆ

ಅಕ್ಕಾರೆ, ಹೆಸರು ಕೇಳಿದರೆ "ಅದೆಲ್ಲ ಯಾಕ್ರೀ" ಎಂದು ನಕ್ಕು ಹೋದಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹುಬ್ಬಳ್ಳಿ ಕಿಮ್ಸ್‌ನಲ್ಲಿ ಮಗ ಡೆಂಗಿ ಬಂದು ಮಲಗಿದ್ದಾಗ ನಮಗೂ ಪಕ್ಕದ ಹಾಸಿಗೆಯವರಿಗೂ ಬಿಸಿ ಗಂಜಿ ತಂದುಕೊಟ್ಟಿರಿ. ಜ್ವರ ಇಳಿಯಿತು ಅಂತ ನಾವು ಖುಷಿಪಡುವಾಗ, "ಜ್ವರ ಬಿಟ್ಟ ಒಂದೆರಡು ದಿನವೇ ಜಾಸ್ತಿ ಹುಷಾರಾಗಿರಬೇಕು. ಹೊಟ್ಟೆನೋವು, ವಾಂತಿ ಬಂದರೆ ತಕ್ಷಣ ಸಿಸ್ಟರ್‌ಗೆ ಹೇಳ್ರಿ" ಎಂದಿರಿ.

ಇವನು ಕನ್ನಡ ಮೀಡಿಯಂ, ಆರನೇ ಕ್ಲಾಸು. ಇಂಗ್ಲಿಷ್ ಅಂದ್ರೆ ಮುಖ ತಿರುಗಿಸುವವನು. ನೀವು ಔಷಧಿ ಡಬ್ಬಿಯ ರಟ್ಟಿನ ಮೇಲೆ ಚಂದ್ರಯಾನ-3ರ ಚಿತ್ರ ಬಿಡಿಸಿ, ಲ್ಯಾಂಡರ್, ರೋವರ್, ಆರ್ಬಿಟ್ ಅಂತ ಅವನ ಕೈಯಲ್ಲೇ ಬರೆಸಿದಿರಿ. "ದ ರೋವರ್ ಈಸ್ ಆನ್ ದ ಮೂನ್" ಅಂತ ಹೇಳಿಸಿದಿರಿ. 2023ರ ಆಗಸ್ಟ್ 23ಕ್ಕೆ ವಿಕ್ರಮ್ ಇಳಿದದ್ದು ಅವನಿಗೆ ಗೊತ್ತಿತ್ತು. ತನ್ನ 30 ಕೆಜಿ ಅಲ್ಲಿ ಬರೀ 5 ಕೆಜಿಯಷ್ಟು ತೂಗುತ್ತೆ ಅನ್ನೋದು ಗೊತ್ತಿರಲಿಲ್ಲ. ಸಲೈನ್ ಹಾಕಿದ ಕೈ ಎತ್ತಿ ಎತ್ತಿ ರೌಂಡ್ಸಿಗೆ ಬಂದ ಡಾಕ್ಟರಿಗೂ ಅದನ್ನೇ ಹೇಳಿದ, ಅದೂ ಇಂಗ್ಲಿಷಿನಲ್ಲಿ!

ತುಂಬಾ ಧನ್ಯವಾದ ಅಕ್ಕಾರೆ. ನಿಮ್ಮ ಸ್ಟೀಲ್ ಡಬ್ಬಿ ನಮ್ಮಲ್ಲೇ ಉಳಿದಿದೆ. ಖಾಲಿ ಡಬ್ಬಿ ವಾಪಸ್ ಕೊಡೋದು ನಮ್ಮ ಕಡೆ ಪದ್ಧತಿ ಅಲ್ಲ, ಅಲ್ವಾ? ಒಂದು ಮಾತು ತಿಳಿಸಿ, ಧಾರವಾಡ ಪೇಡೆ ತುಂಬಿಸಿಕೊಂಡು ನಾವೇ ಬರುತ್ತೇವೆ.