ಸೈಕಲ್ ಸವಾರನಿಗೆ ಬೆನ್ನ ಹಿಂದಿನ ರಸ್ತೆಯೂ ಕಾಣಬೇಕು

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್ ಮತ್ತು ಮೋಟಾರುರಹಿತ ವಾಹನಗಳ ಸಂಚಾರವನ್ನು ನಿರ್ಬಂಧಿಸಿದ ಮೇಲೆ ಅವೆಲ್ಲವೂ ಸರ್ವಿಸ್ ರಸ್ತೆಯ ಪಾಲಾಗಿವೆ. ವೇಗದ ಕಾರುಗಳ ನಡುವಿನಿಂದ ಸೈಕಲ್ ಸವಾರರನ್ನು ಹೊರತಂದದ್ದು ಸರಿಯಾದ ತೀರ್ಮಾನವೇ. ಆದರೆ ಮದ್ದೂರು, ಮಂಡ್ಯದ ಆಸುಪಾಸಿನಲ್ಲಿ ಶಾಲೆಗೂ ಕೆಲಸಕ್ಕೂ ಸೈಕಲ್ ತುಳಿಯುವವರು ಈಗ ಕಬ್ಬಿನ ಲೋಡು, ಬೈಕು, ಆಟೊಗಳ ಜೊತೆ ಒಂದೇ ರಸ್ತೆಯನ್ನು ಹಂಚಿಕೊಳ್ಳುತ್ತಿದ್ದು, ತಮ್ಮ ಹಿಂದೆ ಏನು ಬರುತ್ತಿದೆ ಎಂಬುದನ್ನು ತಿಳಿಯಲು ಅವರಿಗೆ ಕನ್ನಡಿಯೂ ಇಲ್ಲ, ಯಾರೂ ಕಲಿಸಿಕೊಟ್ಟ ವಿದ್ಯೆಯೂ ಇಲ್ಲ. ಸರ್ಕಾರಿ ಪ್ರೌಢಶಾಲೆಯಲ್ಲಿ ಮೂರು ದಶಕ ಪಾಠ ಮಾಡಿ, ನಿವೃತ್ತನಾದ ಮೇಲೂ ಸೈಕಲ್ ಬಿಡದ ನಾನು ಈ ಒಂದು ಕೊರತೆಯ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮ ಶಾಲೆಯ ಎಂಟನೇ ತರಗತಿಯ ಹುಡುಗನೊಬ್ಬ ಕೆಲವು ವರ್ಷಗಳ ಹಿಂದೆ ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕಿ ಬಿದ್ದು ಭುಜದ ಮೂಳೆ ಮುರಿದುಕೊಂಡ. ಅವನು ಮೈಮರೆತಿರಲಿಲ್ಲ. ಟ್ರ್ಯಾಕ್ಟರಿನ ಸದ್ದು ಕೇಳಿ ಎಡಕ್ಕೆ ಸರಿದು ದಾರಿ ಬಿಟ್ಟಿದ್ದ. ಎಂಜಿನ್ ಪಕ್ಕದಲ್ಲೇ ಮುಂದೆ ಹೋಯಿತು, ಒಂದು ಟ್ರೇಲರ್ ದಾಟಿತು, ಇನ್ನು ಮುಗಿಯಿತೆಂದು ಎದುರಿನ ಗುಂಡಿ ತಪ್ಪಿಸಲು ಬಲಕ್ಕೆ ಹೊರಳಿದ. ಅಷ್ಟರಲ್ಲಿ ಹಿಂದಿದ್ದ ಎರಡನೆಯ ಟ್ರೇಲರಿನಿಂದ ಹೊರಚಾಚಿದ್ದ ಕಬ್ಬಿನ ಸುಳಿ ಅವನ ಬೆನ್ನಿನ ಚೀಲವನ್ನು ಹಿಡಿದೆಳೆಯಿತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವನು ಹೇಳಿದ್ದು, ‘ಎರಡಿದೆ ಅಂತ ಗೊತ್ತಾಗ್ಲಿಲ್ಲ ಸಾರ್’ ಎಂದಷ್ಟೇ. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಎಡಬದಿಯಲ್ಲಿ ಹೋಗು, ಬೆಲ್ಲು ಬಾರಿಸು ಎಂದು ವರ್ಷವರ್ಷವೂ ಹೇಳಿದ ನಾವು ಯಾರೂ ಆ ಮಕ್ಕಳಿಗೆ ಹಿಂದಕ್ಕೆ ನೋಡುವುದನ್ನು ಹೇಳಿಕೊಟ್ಟಿರಲಿಲ್ಲ.

ಸೈಕಲ್ ತುಳಿಯುವವರು ಬಹುಮಟ್ಟಿಗೆ ಕಿವಿಯನ್ನೇ ನಂಬುತ್ತಾರೆ. ಕಿವಿ ಒಂದು ವಾಹನ ಬಂತೆಂದು ಹೇಳಬಲ್ಲದು. ಅದು ಎಷ್ಟು ಅಗಲ, ಎಷ್ಟು ಉದ್ದ, ಅದರ ಹಿಂದೆ ಮತ್ತೇನಿದೆ ಎಂಬುದನ್ನು ಹೇಳಲಾರದು. ದೊಡ್ಡ ಸದ್ದು ಸಣ್ಣ ಸದ್ದನ್ನು ನುಂಗುತ್ತದೆ. ಬಸ್ಸು ದಾಟಿದ ಕೂಡಲೇ ಅದರ ಹಿಂದಿನಿಂದ ಬೈಕೊಂದು ಚಿಮ್ಮಿ ಬರುವುದನ್ನು ದಿನವೂ ಕಾಣುತ್ತೇವೆ. ಎದುರುಗಾಳಿಯಿದ್ದರೆ ಕಿವಿಯ ಪಕ್ಕದಲ್ಲಿ ಗಾಳಿಯ ಮೊರೆತ ಬಿಟ್ಟು ಬೇರೇನೂ ಕೇಳುವುದಿಲ್ಲ. ಈಗಂತೂ ಎಲೆಕ್ಟ್ರಿಕ್ ಸ್ಕೂಟರು, ಆಟೊಗಳು ಹಳ್ಳಿಯ ರಸ್ತೆಗೂ ಬಂದಿವೆ. ಅವು ತೀರಾ ಹತ್ತಿರ ಬರುವವರೆಗೆ ಸುಳಿವೇ ಸಿಗುವುದಿಲ್ಲ. ಇಂಥದ್ದರಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಸೈಕಲ್ ತುಳಿಯುವ ಕಾಲೇಜು ಮಕ್ಕಳನ್ನು ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಸೈಕಲ್ಲಿನ ವೇಗ ಗಂಟೆಗೆ 15 ಕಿ.ಮೀ., ಹಿಂದಿನ ವಾಹನದ್ದು 60 ಕಿ.ಮೀ. ಎಂದಿಟ್ಟುಕೊಂಡರೆ, ಇವೆರಡರ ನಡುವಿನ ಅಂತರ ಸೆಕೆಂಡಿಗೆ ಹನ್ನೆರಡೂವರೆ ಮೀಟರಿನಂತೆ ಕರಗುತ್ತದೆ. 50 ಮೀಟರ್ ಹಿಂದಿರುವ ವಾಹನ ನಾಲ್ಕೇ ಸೆಕೆಂಡಿನಲ್ಲಿ ಪಕ್ಕದಲ್ಲಿರುತ್ತದೆ. ಗುಂಡಿ ಕಂಡ ಮೇಲೆ ಹಿಂದೆ ತಿರುಗಿ ನೋಡಿ ತೀರ್ಮಾನಿಸಲು ಅಲ್ಲಿ ಬಿಡುವಿಲ್ಲ. ಹಿಂದೆ ಏನಿದೆ ಎಂಬುದು ಗುಂಡಿ ಎದುರಾಗುವ ಮೊದಲೇ ಗೊತ್ತಿರಬೇಕು. ಹಾಗೆ ಗೊತ್ತಿದ್ದವನು ಹೊರಳಬೇಕೋ, ನಿಧಾನಿಸಬೇಕೋ, ಇಳಿದುಬಿಡಬೇಕೋ ಎಂಬುದನ್ನು ಗಾಬರಿಯಿಲ್ಲದೆ ಆಯ್ದುಕೊಳ್ಳುತ್ತಾನೆ. ನಮ್ಮಲ್ಲಿ ಡಾಂಬರಿನ ಅಂಚು ಕೊರೆದು ಪಕ್ಕದ ಮಣ್ಣಿಗಿಂತ ಗೇಣುದ್ದ ಎತ್ತರಕ್ಕೆ ನಿಂತಿರುವ ರಸ್ತೆಗಳೇ ಹೆಚ್ಚಾದ್ದರಿಂದ, ಕೊನೆಯ ಗಳಿಗೆಯಲ್ಲಿ ಎಡಕ್ಕೆ ಧುಮುಕುವುದೂ ಸುರಕ್ಷಿತವಲ್ಲ.

ಹಿಂದೆ ನೋಡುವುದಕ್ಕೂ ಅಭ್ಯಾಸ ಬೇಕು. ತಲೆಯನ್ನು ಬಲಕ್ಕೆ ತಿರುಗಿಸಿದೊಡನೆ ಭುಜವೂ ಅದರೊಂದಿಗೆ ಕೈಯೂ ತಿರುಗಿ, ಸೈಕಲ್ ತಾನಾಗಿಯೇ ರಸ್ತೆಯ ನಡುವಿಗೆ ಎಳೆಯುತ್ತದೆ; ಅಪಾಯವನ್ನು ನೋಡಲು ಹೋದವನು ಅದರ ದಾರಿಗೇ ಹೋಗಿ ನಿಲ್ಲುತ್ತಾನೆ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯದೆ, ಮೊಣಕೈಗಳನ್ನು ಸಡಿಲ ಬಿಟ್ಟು, ಗಲ್ಲವನ್ನು ಭುಜದ ಕಡೆಗೆ ತಂದು ಒಂದು ಕ್ಷಣ ನೋಡಿ ಮುಂದಕ್ಕೆ ತಿರುಗುವುದನ್ನು ಖಾಲಿ ಮೈದಾನದಲ್ಲಿ ಕಲಿಯಬೇಕು. ಬಲಕ್ಕೆ ತಿರುಗುವ ಮುನ್ನ ಒಮ್ಮೆ ನೋಡಿ, ಕೈ ಚಾಚಿ, ಮತ್ತೊಮ್ಮೆ ನೋಡಬೇಕು. ನನ್ನ ಅನುಭವದಲ್ಲಿ ಇದರಿಂದ ಇನ್ನೊಂದು ಲಾಭವೂ ಇದೆ: ಸವಾರ ಹಿಂದಿರುಗಿ ನೋಡಿದಾಗ ಚಾಲಕನಿಗೆ ಅವನ ಮುಖ ಕಾಣುತ್ತದೆ, ಮುಖ ಕಂಡ ಚಾಲಕರಲ್ಲಿ ಹೆಚ್ಚಿನವರು ವೇಗ ತಗ್ಗಿಸುತ್ತಾರೆ.

ನಮ್ಮಲ್ಲಿ ವಾಹನಗಳು ಬಲಗಡೆಯಿಂದ ಹಿಂದಿಕ್ಕುವುದರಿಂದ ಹ್ಯಾಂಡಲ್ಲಿನ ಬಲತುದಿಗೆ ಒಂದು ಕನ್ನಡಿ ಬೇಕೇ ಬೇಕು. ಸೈಕಲ್ ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಅದು ಉಬ್ಬುಕನ್ನಡಿಯಾದ್ದರಿಂದ ವಾಹನ ಇರುವುದಕ್ಕಿಂತ ಚಿಕ್ಕದಾಗಿ, ದೂರದಲ್ಲಿರುವಂತೆ ಕಾಣುತ್ತದೆ. ಆದ್ದರಿಂದ ಕನ್ನಡಿ ಆಗಾಗ ಕಣ್ಣಾಡಿಸಲಿಕ್ಕೆ, ಹೊರಳುವ ಮುನ್ನ ತಲೆ ತಿರುಗಿಸಿಯೇ ನೋಡಬೇಕು. ಹದಗೆಟ್ಟ ರಸ್ತೆಯಲ್ಲಿ ಅದರ ಸ್ಕ್ರೂ ಸಡಿಲಗೊಂಡು ಕನ್ನಡಿ ಆಕಾಶ ತೋರಿಸತೊಡಗುತ್ತದೆ, ವಾರಕ್ಕೊಮ್ಮೆ ಬಿಗಿ ಮಾಡಿಸಬೇಕು. ರಾತ್ರಿ ಅದರಲ್ಲಿ ಒಂಟಿ ದೀಪ ಕಂಡರೆ ಬೈಕೆಂದು ಭಾವಿಸಬಾರದು. ಒಂದು ದೀಪ ಕೆಟ್ಟ ಟ್ರ್ಯಾಕ್ಟರುಗಳು ನಮ್ಮ ಭಾಗದಲ್ಲಿ ಬೇಕಾದಷ್ಟಿವೆ.

ಹಿಂದಿನಿಂದ ಬರುವವನೇ ಜಾಗರೂಕನಾಗಿರಬೇಕಲ್ಲವೇ, ಸೈಕಲ್ಲಿನವನ ಮೇಲೆ ಈ ಹೊರೆಯೇಕೆ ಎಂದು ಕೆಲವರು ಕೇಳಿದ್ದಾರೆ. ಹೊಣೆ ಹಿಂದಿಕ್ಕುವವನದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಟ್ರೇಲರಿನ ಅಗಲ ಮೀರಿ ಕಬ್ಬು ತುಂಬುವುದನ್ನು ಪೊಲೀಸರೂ ಸಾರಿಗೆ ಇಲಾಖೆಯವರೂ ತಡೆಯಲೇಬೇಕು. ಆದರೆ ಅದೆಲ್ಲ ಆಗುವವರೆಗೆ ಹದಿಮೂರು ವರ್ಷದ ಮಗು ನಾಳೆ ಬೆಳಿಗ್ಗೆಯೂ ಅದೇ ರಸ್ತೆಯಲ್ಲಿ ಶಾಲೆಗೆ ಹೋಗಬೇಕಾಗಿದೆ.

ಆ ಅಪಘಾತದ ನಂತರ ನಮ್ಮ ದೈಹಿಕ ಶಿಕ್ಷಣ ಶಿಕ್ಷಕರೂ ನಾನೂ ಸೇರಿ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದೆವು. ಮಕ್ಕಳು ಒಬ್ಬೊಬ್ಬರಾಗಿ ಆ ಗೆರೆಯ ಮೇಲೆ ಸೈಕಲ್ ತುಳಿಯುವುದು, ಹಿಂದೆ ನಿಂತವರು ಕೂಗಿದಾಗ ತಿರುಗಿ ನೋಡಿ ಅವರು ಎತ್ತಿದ ಬೆರಳು ಎಷ್ಟೆಂದು ಹೇಳುವುದು, ಆದರೆ ಚಕ್ರ ಗೆರೆ ಬಿಡಬಾರದು. ಮೊದಲ ದಿನ ಬಹುತೇಕ ಎಲ್ಲರ ಸೈಕಲ್ಲೂ ಬಲಕ್ಕೆ ಎಳೆಯಿತು; ಎರಡು ವಾರದಲ್ಲಿ ಒಂದಿಬ್ಬರನ್ನು ಬಿಟ್ಟು ಉಳಿದವರಿಗೆ ಅದು ನೀರು ಕುಡಿದಷ್ಟು ಸುಲಭವಾಗಿತ್ತು. ಇದಕ್ಕೆ ಸುಣ್ಣ ಬಿಟ್ಟರೆ ಬೇರೆ ಖರ್ಚೇ ಇರಲಿಲ್ಲ.

2006–07ರಲ್ಲಿ ಆರಂಭವಾದ ಎಂಟನೇ ತರಗತಿಯ ಉಚಿತ ಸೈಕಲ್ ಯೋಜನೆಯಿಂದ ಹಳ್ಳಿಯ ಎಷ್ಟೋ ಮಕ್ಕಳು, ಮುಖ್ಯವಾಗಿ ಹೆಣ್ಣುಮಕ್ಕಳು, ಓದು ಮುಂದುವರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ನನ್ನ ಕೈಯಿಂದಲೇ ಹಂಚಿದ ಆ ಸೈಕಲ್ಲುಗಳಲ್ಲಿ ಒಂದಕ್ಕೂ ಕನ್ನಡಿ ಇರಲಿಲ್ಲ. ಸರ್ಕಾರ ಮುಂದೆ ಸೈಕಲ್ ಕೊಡುವಾಗ ಖರೀದಿಯ ಷರತ್ತಿನಲ್ಲೇ ಬಲಗಡೆಯ ಕನ್ನಡಿಯನ್ನೂ ಹಿಂಬದಿಯ ಪ್ರತಿಫಲಕವನ್ನೂ ಸೇರಿಸಬೇಕೆಂದು ಶಾಲಾ ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ. ಅದಕ್ಕೆ ಕಾಯದೆ, ಮಂಡ್ಯ ಜಿಲ್ಲೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳು ಈ ವರ್ಷ ಕಬ್ಬಿನ ಲೋಡುಗಳು ರಸ್ತೆಗಿಳಿಯುವ ಮೊದಲೇ ಪ್ರತಿ ಪ್ರೌಢಶಾಲೆಯ ಮೈದಾನದಲ್ಲಿ ಆ ಸುಣ್ಣದ ಗೆರೆಯನ್ನು ಎಳೆಸಬೇಕೆಂದು ಬೇಡಿಕೊಳ್ಳುತ್ತೇನೆ. ಕರೆದರೆ ಯಾವ ಶಾಲೆಗಾದರೂ ಬಂದು ಹೇಳಿಕೊಡಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಮದ್ದೂರು ತಾಲ್ಲೂಕು