ಸೌತ್‌ವೆಸ್ಟ್ ಕಾನ್ಫರೆನ್ಸ್‌ನ ಬಳಗಕ್ಕೆ ತಡವಾಗಿ ಸಲ್ಲುತ್ತಿರುವ ವಂದನೆಗಳು

ಅಮೆರಿಕದ ಟೆಕ್ಸಸ್‌ನ ಕಾಲೇಜು ಕ್ರೀಡೆಗೆ ಎಂಟು ದಶಕಗಳ ಕಾಲ ಆಸರೆಯಾಗಿದ್ದ, ಪರಸ್ಪರ ಆಡುವ ಕಾಲೇಜುಗಳ ಒಕ್ಕೂಟವಾದ ಸೌತ್‌ವೆಸ್ಟ್ ಕಾನ್ಫರೆನ್ಸ್ 1996ರಲ್ಲಿ ವಿಸರ್ಜನೆಗೊಂಡಿತು. ಅದರ ಕೊನೆಯ ವರ್ಷಗಳಲ್ಲಿ ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನನಗೆ ಆ ಒಕ್ಕೂಟವನ್ನು ಕಟ್ಟಿದವರ, ಕಡೆಯವರೆಗೂ ನಡೆಸಿಕೊಂಡು ಬಂದವರ ಋಣವಿದೆ.

ಮೊದಲ ವಂದನೆ 1914ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್ ನಗರದಲ್ಲಿ ಸಭೆ ಸೇರಿ ಒಕ್ಕೂಟಕ್ಕೆ ರೂಪ ಕೊಟ್ಟ ಎಂಟು ಕಾಲೇಜುಗಳ ಪ್ರತಿನಿಧಿಗಳಿಗೆ. ಆಗ ರೈಸ್ ಬಾಗಿಲು ತೆರೆದು ಎರಡೇ ವರ್ಷವಾಗಿತ್ತು. ಅಂಥ ಎಳೆಯ, ಪುಟ್ಟ ಸಂಸ್ಥೆಯನ್ನು ಟೆಕ್ಸಸ್ ವಿಶ್ವವಿದ್ಯಾಲಯದಂಥ ದೊಡ್ಡದರ ಪಂಕ್ತಿಯಲ್ಲೇ ಕೂರಿಸಿದ ಔದಾರ್ಯ ಇಂದಿನ ಕಾಲೇಜು ಕ್ರೀಡೆಯಲ್ಲಿ ಊಹೆಗೂ ನಿಲುಕದು. ಚಂದ್ರಯಾನದ ಕುರಿತು 1962ರಲ್ಲಿ ನಮ್ಮ ಕ್ರೀಡಾಂಗಣದಲ್ಲಿ ಮಾತನಾಡಿದ ಅಧ್ಯಕ್ಷ ಕೆನಡಿಯವರು ‘ರೈಸ್ ಟೆಕ್ಸಸ್ ವಿರುದ್ಧ ಏಕೆ ಆಡುತ್ತದೆ?’ ಎಂದು ಕೇಳಿ ಜನರನ್ನು ನಗಿಸಿದ್ದರು. ಒಂದೇ ಒಕ್ಕೂಟದಲ್ಲಿದ್ದುದರಿಂದ ಆಡುತ್ತಿತ್ತು, ಅಷ್ಟೇ.

ಎರಡನೆಯದು ಜೆರ್ರಿ ಲೆವಾಯಸ್ ಅವರಿಗೆ. 1965ರಲ್ಲಿ ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ) ಸೇರಿದ ಅವರು ಈ ಒಕ್ಕೂಟದಲ್ಲಿ ಅಮೆರಿಕನ್ ಫುಟ್‌ಬಾಲ್ ವಿದ್ಯಾರ್ಥಿವೇತನ ಪಡೆದ ಮೊದಲ ಕಪ್ಪು ಆಟಗಾರ. ನಿಂದನೆ, ಬೆದರಿಕೆಗಳನ್ನು ನುಂಗಿಕೊಂಡು ಆಡಿ ಬಾಗಿಲು ತೆರೆದರು. ಅದಕ್ಕೆ ಅರ್ಧ ಶತಮಾನ ಹಿಡಿಯಿತೆಂಬುದು ಒಕ್ಕೂಟದ ಕೀರ್ತಿಯನ್ನೇನೂ ಹೆಚ್ಚಿಸುವುದಿಲ್ಲ.

ಅವನತಿಯ ಕಥೆ ಬಲ್ಲವರಿಗೆ ಗೊತ್ತೇ ಇದೆ. ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟಿದ್ದಕ್ಕೆ ಎಸ್‌ಎಂಯು ತಂಡದ 1987ರ ಋತುವೇ ರದ್ದಾಯಿತು. ಟಿವಿ ಹಕ್ಕುಗಳ ಮೇಲೆ ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎಗಿದ್ದ ಹಿಡಿತವನ್ನು 1984ರಲ್ಲಿ ಸುಪ್ರೀಂ ಕೋರ್ಟ್ ಸಡಿಲಿಸಿದ ಮೇಲೆ ಬಹುಪಾಲು ಒಂದೇ ರಾಜ್ಯದ ಪ್ರೇಕ್ಷಕರನ್ನು ನೆಚ್ಚಿಕೊಂಡ ಒಕ್ಕೂಟಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತು. 1990ರಲ್ಲಿ ಅರ್ಕಾನ್ಸಾಸ್ ವಿಶ್ವವಿದ್ಯಾಲಯ ಹೊರನಡೆಯುವುದಾಗಿ ಘೋಷಿಸಿತು. 1994ರ ಆರಂಭದಲ್ಲಿ ಟೆಕ್ಸಸ್, ಟೆಕ್ಸಸ್ ಎ ಅಂಡ್ ಎಂ, ಬೇಲರ್, ಟೆಕ್ಸಸ್ ಟೆಕ್ ಬಿಗ್ ಎಯ್ಟ್ ಎಂಬ ಇನ್ನೊಂದು ಒಕ್ಕೂಟದ ಜೊತೆ ಸೇರಿ ಬಿಗ್ 12 ಎಂಬ ಹೊಸದನ್ನು ಕಟ್ಟಲು ಒಪ್ಪಿದಾಗ ರೈಸ್, ಎಸ್‌ಎಂಯು, ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ಮತ್ತು ಹ್ಯೂಸ್ಟನ್ ವಿಶ್ವವಿದ್ಯಾಲಯ ಹೊರಗುಳಿದವು.

ನನ್ನ ನಿಜವಾದ ಕೃತಜ್ಞತೆ ಸಲ್ಲಬೇಕಾದದ್ದು ಅದಾದ ಮೇಲಿನ ಎರಡು ಋತುಗಳನ್ನು ನಡೆಸಿದವರಿಗೆ. ಮನೆ ಹಂಚಿಕೆಯಾಗಿದೆ ಎಂದು ಗೊತ್ತಿದ್ದೂ ತೀರ್ಪುಗಾರರು, ಬ್ಯಾಂಡ್ ವಾದಕರು, ಟಿಕೆಟ್ ಹರಿಯುವವರು, ಬಸ್ ಚಾಲಕರು ಎಂದಿನಂತೆ ಬಂದರು. 1994ರ ಅಕ್ಟೋಬರ್ 16ರ ರಾತ್ರಿ ರೈಸ್ 19–17ರಿಂದ ಟೆಕ್ಸಸ್ ತಂಡವನ್ನು ಸೋಲಿಸಿತು. 1965ರ ನಂತರ ಟೆಕ್ಸಸ್ ವಿರುದ್ಧ ಅದು ನಮ್ಮ ಮೊದಲ ಗೆಲುವು! ನಮ್ಮನ್ನು ಬಿಟ್ಟು ಹೊರಟವರ ಎದುರೇ ಅದನ್ನು ಸಾಧಿಸಿದ ಹುಡುಗರಿಗೆ, ಗ್ಯಾಲರಿಯಲ್ಲಿ ಗಂಟಲು ಹರಿದುಕೊಂಡ ಈ ಕನ್ನಡಿಗನ ನಮಸ್ಕಾರ.

ಒಕ್ಕೂಟದ ಕೊನೆಯ ಫುಟ್‌ಬಾಲ್ ಪಂದ್ಯ 1995ರ ಡಿಸೆಂಬರ್ 2ರಂದು ರೈಸ್ ಕ್ರೀಡಾಂಗಣದಲ್ಲೇ ನಡೆಯಿತು; ಹ್ಯೂಸ್ಟನ್ 18–17ರಿಂದ ನಮ್ಮನ್ನು ಸೋಲಿಸಿತು. ಒಂದೇ ಅಂಕದ ಆ ಸೋಲು ಇಂದಿಗೂ ಚುಚ್ಚುತ್ತದೆಯಾದರೂ, ಕಳೆದುಕೊಳ್ಳುವುದಕ್ಕೆ ಇನ್ನೇನೂ ಉಳಿದಿರದ ಎರಡು ತಂಡಗಳು ಅಷ್ಟು ಬಿಗಿಯಾಗಿ ಸೆಣಸಿದ್ದಕ್ಕೆ ಹ್ಯೂಸ್ಟನ್ ಆಟಗಾರರಿಗೂ ನಾನು ಋಣಿ. ಒಕ್ಕೂಟದ ದಾಖಲೆಗಳನ್ನು ಲಬಕ್‌ನ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಜೋಪಾನ ಮಾಡುತ್ತಿರುವ ಗ್ರಂಥಪಾಲಕರಿಗೂ ನನ್ನ ಧನ್ಯವಾದಗಳು.