ಎದುರಿನವರ ಅರ್ಥ

ಬದಿಯಡ್ಕ
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಅಂಗಳದಲ್ಲಿ ಅಡಿಕೆ ಹರಡಿದ್ದೇವೆ, ಮೋಡ ಕಂಡರೆ ಹೆದರಿಕೆ.

ಶುಕ್ರವಾರ ನಿನ್ನ ತಮ್ಮನ ಶಾಲೆಯ ಪಿಟಿಎ ಮೀಟಿಂಗಿಗೆ ನಾನೂ ಬಂದಿದ್ದೆ. ಹಿಂದಿನ ಬೆಂಚಿನಲ್ಲಿದ್ದೆ, ನೀನು ನೋಡಿರಲಿಕ್ಕಿಲ್ಲ. ಕನ್ನಡ ಮೀಡಿಯಂ ಮಕ್ಕಳಿಗೆ ಸೈನ್ಸ್ ಕಲಿಸಲು ಕನ್ನಡವೇ ಬಾರದ ಟೀಚರನ್ನು ಹಾಕಿದ್ದು ಅನ್ಯಾಯ ಅಂತ ನೀನು ಎದ್ದು ನಿಂತು ಹೇಳಿದಾಗ ನನಗೆ ಎದೆ ತುಂಬಿ ಬಂತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಇರಬೇಕು ಅನ್ನುವ ಸಂವಿಧಾನದ 350ಎ ವಿಧಿಯನ್ನು ನಮ್ಮ ಮನೆಯ ಹೆಣ್ಣುಮಗಳೊಬ್ಬಳು ನಂಬರ್ ಸಮೇತ ಹೇಳುವುದನ್ನು ಕೇಳುವ ಭಾಗ್ಯ ನನ್ನ ಅಮ್ಮನಿಗೆ ಇರಲಿಲ್ಲ. ನನಗೆ ಸಿಕ್ಕಿತು.

ಆಮೇಲೆ ಆದದ್ದರ ಬಗ್ಗೆ ಈ ಪತ್ರ. ಹೆಡ್ ಮಾಷ್ಟ್ರು ‘ಆ 350ಎ ಇದೆಯಲ್ಲ, ಅದು ಪ್ರೈಮರಿಗೆ...’ ಅಂತ ಶುರು ಮಾಡಿದರು. ನೀನು ಸ್ವರ ಏರಿಸಿದೆ. ಜನ ಚಪ್ಪಾಳೆ ತಟ್ಟಿದರು. ಅವರ ಮಾತು ಅರ್ಧಕ್ಕೇ ನಿಂತಿತು. ಪಕ್ಕದಲ್ಲಿ ಆ ಟೀಚರ್ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತಿದ್ದರು. ತನ್ನ ಬಗ್ಗೆಯೇ ಮಾತು ಅಂತ ಅವರಿಗೆ ಗೊತ್ತಿತ್ತು, ಏನು ಮಾತು ಅಂತ ಗೊತ್ತಿರಲಿಲ್ಲ. ಮೀಟಿಂಗ್ ಮುಗಿಯಿತು. ಸೋಮವಾರದ ಟೈಮ್ ಟೇಬಲ್ ಮೊದಲಿನ ಹಾಗೆಯೇ ಇದೆ, ಅಲ್ವಾ?

ನನಗೂ ಒಮ್ಮೆ ಹೀಗೇ ಆಗಿತ್ತು. ಆಗ ಇಪ್ಪತ್ತೆರಡು ವರ್ಷ. ನಮ್ಮೂರ ದೇವಸ್ಥಾನದಲ್ಲಿ ವಾಲಿಮೋಕ್ಷ ತಾಳಮದ್ದಳೆ. ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ ಅದು, ಪಾತ್ರದ ಪರವಾಗಿ ಆಡುವ ಮಾತಿಗೆ ಅರ್ಥ ಅನ್ನುತ್ತೇವೆ. ನನ್ನದು ವಾಲಿ, ರಾಮನ ಅರ್ಥಕ್ಕೆ ಒಬ್ಬರು ಹಿರಿಯರು. ಗ್ಯಾಸ್‌ಲೈಟಿನ ಸುತ್ತ ಹಾತೆಗಳು, ಜಗಲಿ ತುಂಬ ಜನ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ ಒಂದೇ ಸಮನೆ ಹಿಡಿದುಕೊಂಡೆ. ಅವರು ಬಾಯಿ ತೆರೆದಾಗೆಲ್ಲ ಅಡ್ಡ ಹಾಯ್ದೆ. ಜನ ಹುರಿದುಂಬಿಸಿದರು. ಹಿರಿಯರು ಕಾದರು. ಆಮೇಲೆ ಮೆತ್ತಗೆ ಕೇಳಿದರು: ‘ವಾಲಿ, ಇಷ್ಟು ಹೊತ್ತು ನನಗೆ ಉತ್ತರ ಕೊಡುತ್ತಿದ್ದೀಯಲ್ಲ, ನಾನು ಹೇಳಿದ್ದೇನು? ಒಮ್ಮೆ ನೀನೇ ಹೇಳು.’ ನನಗೆ ಹೇಳಲು ಆಗಲಿಲ್ಲ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ಧರ್ಮದ ಮಾತೆತ್ತಬಹುದೇ ಅಂತ ಅವರು ಕೇಳಿದ್ದರಂತೆ. ಅದು ನನ್ನ ಕಿವಿಗೇ ಬಿದ್ದಿರಲಿಲ್ಲ. ಕೊನೆಗೆ ಹಾಡುವ ಭಾಗವತರು ಮುಂದಿನ ಪದ ಎತ್ತಿಕೊಂಡರು.

ಬೆಳಿಗ್ಗೆ ಚಾ ಕುಡಿಯುವಾಗ ಅವರು ಬೈಯಲಿಲ್ಲ. ಮುಂದಿನ ಸಲ ನೀನು ರಾಮ, ನಾನು ವಾಲಿ ಅಂದರು, ಅಷ್ಟೆ. ರಾಮನ ಕಡೆಯಿಂದ ಯೋಚಿಸಲು ಕೂತಾಗಲೇ ವಾಲಿಯ ಯಾವ ಮಾತು ಗಟ್ಟಿ, ಯಾವುದು ಬರೀ ಸದ್ದು ಅಂತ ನನಗೆ ತಿಳಿದದ್ದು. ಮುಂದೆ ತಾಳಮದ್ದಳೆಯ ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ರಾತ್ರಿಯಿಡೀ ಕೂತು ಕೇಳಿದ್ದೇನೆ. ಎದುರಿನವರು ಗಟ್ಟಿಯಾದಷ್ಟೂ ಅವರ ಮಾತು ಬೆಳೆಯುತ್ತಿತ್ತು.

ಹಳಬರು ಇದನ್ನು ಚೆನ್ನಾಗಿ ಬಲ್ಲವರು. ತರ್ಕದ ಹಳೆಯ ಗ್ರಂಥ ನ್ಯಾಯಸೂತ್ರದಲ್ಲಿ ಚರ್ಚೆಗೆ ಮೂರು ಹೆಸರಿವೆ. ನಿಜ ತಿಳಿಯಲಿ ಅಂತ ಮಾಡುವುದು ವಾದ. ಹೇಗಾದರೂ ಗೆಲ್ಲಬೇಕು ಅಂತ ಮಾಡುವುದು ಜಲ್ಪ. ತನ್ನದು ಅಂತ ಏನೂ ಇಡದೆ ಎದುರಿನದನ್ನು ಕೆಡವುವುದು ವಿತಂಡ. ನೀನು ಶುಕ್ರವಾರ ವಾದದಲ್ಲಿ ಶುರು ಮಾಡಿ ಜಲ್ಪಕ್ಕೆ ಜಾರಿದೆ. ಚಪ್ಪಾಳೆ ಬಿದ್ದ ಜಾಗದಲ್ಲೇ ಜಾರಿದ್ದು.

ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ದೇಶದ ವಾಯವ್ಯದಲ್ಲಿ ಮಿಲಿಂದ ಎಂಬ ಗ್ರೀಕ್ ದೊರೆ ಆಳುತ್ತಿದ್ದ. ಅವನು ನಾಗಸೇನ ಎಂಬ ಭಿಕ್ಷುವನ್ನು ಚರ್ಚೆಗೆ ಕರೆದ ಕತೆ ಪಾಲಿಯಲ್ಲಿದೆ. ಪಂಡಿತರ ಹಾಗೆ ಮಾತಾಡುವುದಾದರೆ ಬರುತ್ತೇನೆ, ರಾಜರ ಹಾಗಾದರೆ ಇಲ್ಲ ಅಂದ ನಾಗಸೇನ. ಪಂಡಿತರಲ್ಲಿ ಒಬ್ಬ ಗಂಟು ಹಾಕುತ್ತಾನೆ, ಇನ್ನೊಬ್ಬ ಬಿಡಿಸುತ್ತಾನೆ, ತಪ್ಪು ತೋರಿಸಿದರೆ ಒಪ್ಪಿಕೊಳ್ಳುತ್ತಾನೆ, ಯಾರಿಗೂ ಸಿಟ್ಟು ಬರುವುದಿಲ್ಲ. ರಾಜರು ಒಂದು ಮಾತು ಹೇಳಿ, ಒಪ್ಪದವನಿಗೆ ಶಿಕ್ಷೆ ಕೊಡುತ್ತಾರೆ. ಜನರ ಗುಂಪು ನಮ್ಮ ಬೆನ್ನಿಗೆ ನಿಂತಾಗ ನಾವೂ ರಾಜರೇ, ಮಗಳೇ. ಆ ಕೋಣೆಯಲ್ಲಿ ಆ ಹೊತ್ತಿಗೆ ಬಲ ಇದ್ದದ್ದು ನಿನ್ನ ಕೈಯಲ್ಲಿ.

ನಾನು ಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಾಗ ಪ್ರತಿ ವರ್ಷ ಹೇಳುತ್ತಿದ್ದ ಕತೆ ಇನ್ನೊಂದು. ಕ್ರಿಸ್ತಪೂರ್ವ 427. ಮಿಟಿಲೀನ್ ಎಂಬ ಊರು ಅಥೆನ್ಸಿನ ವಿರುದ್ಧ ಬಂಡಾಯ ಎದ್ದು ಸೋತಿತ್ತು. ಅಥೆನ್ಸಿನ ಜನಸಭೆ ಸಿಟ್ಟಿನಲ್ಲಿ ತೀರ್ಮಾನ ಮಾಡಿತು: ಅಲ್ಲಿನ ಗಂಡಸರನ್ನೆಲ್ಲ ಕೊಲ್ಲಿ, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾಡಿ. ಆ ಆಜ್ಞೆ ಹೊತ್ತ ಹಡಗೂ ಹೊರಟಿತು. ಮಾರನೇ ದಿನ ಜನರ ಮನಸ್ಸು ಅಳುಕಿತು, ಸಭೆ ಮತ್ತೆ ಸೇರಿತು. ತೀರ್ಮಾನ ಬದಲಿಸಬೇಡಿ ಅಂತ ಕ್ಲಿಯೋನ್ ಎಂಬ ಮುಖಂಡ ಗುಡುಗಿದ. ಡಯೊಡೊಟಸ್ ಎಂಬವನು ಎದ್ದು, ಅವಸರ ಮತ್ತು ಸಿಟ್ಟು ಇವೆರಡೇ ಒಳ್ಳೆಯ ಆಲೋಚನೆಗೆ ದೊಡ್ಡ ಶತ್ರು ಅಂದ. ಅವನು ಕರುಣೆ ತೋರಿಸಿ ಅಂತ ಬೇಡಲಿಲ್ಲ. ಕೊಂದರೆ ನಮಗೇ ನಷ್ಟ, ಮುಂದೆ ಬಂಡಾಯ ಎದ್ದ ಊರು ಯಾವುದೂ ಶರಣಾಗುವುದಿಲ್ಲ ಅಂತ ಕ್ಲಿಯೋನನ ಲೆಕ್ಕವನ್ನೇ ಹಿಡಿದು ತೋರಿಸಿದ. ಕೂದಲೆಳೆಯಲ್ಲಿ ಗೆದ್ದ. ಎರಡನೇ ಹಡಗು ಹೊರಟಿತು. ಅಂಬಿಗರು ಹುಟ್ಟು ಹಾಕುತ್ತಲೇ ಎಣ್ಣೆ, ದ್ರಾಕ್ಷಾರಸದಲ್ಲಿ ಕಲಸಿದ ಬಾರ್ಲಿ ಹಿಟ್ಟು ತಿಂದರು, ಪಾಳಿಯಲ್ಲಿ ನಿದ್ದೆ ಮಾಡಿದರು. ಅಲ್ಲಿ ಕೊಲೆಯ ಆಜ್ಞೆ ಓದಿ ಮುಗಿದಿತ್ತು, ಕತ್ತಿ ಎತ್ತಿರಲಿಲ್ಲ. ಬಂಡಾಯದ ಮುಂದಾಳುಗಳನ್ನು ಅಥೆನ್ಸ್ ಕೊಂದೇ ಕೊಂದಿತು, ಅದನ್ನು ಮುಚ್ಚಿಡಬಾರದು. ಆದರೆ ಊರು ಉಳಿಯಿತು.

1858ರಲ್ಲಿ ಅಮೆರಿಕದಲ್ಲಿ ಚುನಾವಣೆಯ ಎದುರಾಳಿಗಳಾದ ಲಿಂಕನ್ ಮತ್ತು ಡಗ್ಲಸ್ ಏಳು ಕಡೆ ಚರ್ಚೆ ಮಾಡಿದರು. ಒಬ್ಬರಿಗೆ ಒಂದು ಗಂಟೆ, ಎದುರಿನವರಿಗೆ ಒಂದೂವರೆ ಗಂಟೆ, ಮತ್ತೆ ಮೊದಲಿನವರಿಗೆ ಅರ್ಧ ಗಂಟೆ. ಜನ ಕೇಳಿದರು. ಈಗಿನ ಟಿವಿಯಲ್ಲಿ ನಾಲ್ಕು ಜನ ಒಟ್ಟಿಗೆ ಕೂಗುವುದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ನಿಮ್ಮ ವಯಸ್ಸಿನವರು ಅದನ್ನೇ ಚರ್ಚೆ ಅಂದುಕೊಂಡರೆ ಏನು ಗತಿ?

ನೀನು ಓದುತ್ತಿರುವ ಸಂವಿಧಾನ ಹುಟ್ಟಿದ್ದೂ ಮಾತಿನಿಂದಲೇ. ಅದರ ಕರಡಿಗೆ 7,635 ತಿದ್ದುಪಡಿ ಸೂಚನೆ ಬಂದವು, 2,473 ಸಭೆಯ ಮುಂದೆ ಬಂದವು. 1949ರ ನವೆಂಬರ್ 25ರಂದು ಅಂಬೇಡ್ಕರ್ ಮಾತಾಡುವಾಗ, ತನಗೆ ಉದ್ದಕ್ಕೂ ಅಡ್ಡ ಪ್ರಶ್ನೆ ಹಾಕಿದವರ ಹೆಸರು ಹೇಳಿ ನೆನೆದರು. ಅದರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರೂ ಇದ್ದರು. ಅವರ ಸಲಹೆ ನಾನು ಒಪ್ಪದೆ ಇದ್ದ ಮಾತ್ರಕ್ಕೆ ಅದರ ಬೆಲೆ ಕಡಿಮೆಯಾಗುವುದಿಲ್ಲ, ಅವರಿಗೆ ಕೃತಜ್ಞ ಅಂದರು ಅಂಬೇಡ್ಕರ್. ಅಷ್ಟು ವರ್ಷ ಅಷ್ಟು ಕಷ್ಟಪಟ್ಟವರು ಆಡಿದ ಮಾತಿದು. ಓದಿದಾಗೆಲ್ಲ ನನ್ನ ಕಣ್ಣು ಒದ್ದೆಯಾಗುತ್ತದೆ.

ಈಗ ನಿನ್ನ 350ಎಗೆ ಬರುತ್ತೇನೆ. ಅದು ಮೂಲ ಸಂವಿಧಾನದಲ್ಲಿ ಇರಲಿಲ್ಲ. ಏಳನೇ ತಿದ್ದುಪಡಿಯಲ್ಲಿ ಸೇರಿದ್ದು, ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು. ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ದಿನವೇ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಲಿ ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ವರದಿ ಹೇಳಿತು, ಅದು ಜಾರಿಯಾಗಲಿಲ್ಲ. ಅದಕ್ಕಾಗಿ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿಸಿ 2015ರಲ್ಲಿ ಹೋದರು, ಅವರ ಕಣ್ಣ ಮುಂದೆಯೂ ಆಗಲಿಲ್ಲ. ಆ ನೋವು ನನ್ನೊಳಗೂ ಇದೆ. ಅದಕ್ಕೇ ಹೇಳುತ್ತೇನೆ, ನಮ್ಮಂಥ ಕಡಿಮೆ ಜನರಿಗೆ ಗದ್ದಲದಿಂದ ಲಾಭವಿಲ್ಲ. ಗದ್ದಲದಲ್ಲಿ ಯಾವಾಗಲೂ ಜಾಸ್ತಿ ಜನ ಇರುವವರೇ ಗೆಲ್ಲುತ್ತಾರೆ. ನಮಗೆ ಇರುವುದು ಮಾತು, ಕಾನೂನು, ಎದುರಿನವರ ಕಿವಿ.

ಹೆಡ್ ಮಾಷ್ಟ್ರು ಹೇಳಹೊರಟದ್ದು ಸರಿಯಾಗಿಯೇ ಇತ್ತು. ಆ ವಿಧಿ ಪ್ರಾಥಮಿಕ ಹಂತಕ್ಕೆ ಮಾತ್ರ. ನಿನ್ನ ತಮ್ಮ ಎಂಟನೇ ಕ್ಲಾಸು. ಅವರ ಮಾತು ಪೂರ್ತಿ ಕೇಳಿದ್ದರೆ ನೀನು 350ಬಿ ತೆಗೆಯಬಹುದಿತ್ತು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ವಿಷಯಗಳನ್ನು ವಿಚಾರಿಸಲು ವಿಶೇಷ ಅಧಿಕಾರಿ ಇರಬೇಕು ಅನ್ನುತ್ತದೆ ಅದು. ಆ ಟೀಚರ್ ಕೂಡ ಪರೀಕ್ಷೆ ಬರೆದು, ಎಲ್ಲೋ ತೆಂಕಣ ಜಿಲ್ಲೆಯಿಂದ ಮನೆ ಬಿಟ್ಟು ಬಂದವರು. ಹಾಕಿದಲ್ಲಿಗೆ ಬಂದರು. ಅವರಿಗೂ ಈ ಕ್ಲಾಸು ಕಷ್ಟವೇ. ಅದನ್ನು ಅವರ ಬಾಯಿಂದಲೇ ಹೇಳಿಸಿದ್ದರೆ ನಿನ್ನ ಪಕ್ಷಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು?

ಇನ್ನೊಂದು. ಮೊನ್ನೆ ನಿನ್ನ ತಮ್ಮ ನಮ್ಮಲ್ಲಿಗೆ ಬಂದಾಗ ಅವನ ಸೈನ್ಸ್ ನೋಟ್ ಪುಸ್ತಕ ನೋಡಿದೆ. ಕನ್ನಡ ಅಕ್ಷರದಲ್ಲಿ ‘ಮರ್ದಂ’ ಅಂತ ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ‘ಔಷಧಿ’ ಅಂತ ಹಾಕಿದ್ದಾನೆ. ತುಳುವಿನ ಮರ್ದ್ ಅಂದುಕೊಂಡಿದ್ದಾನೆ ಪಾಪ. ಮಲಯಾಳದಲ್ಲಿ ಅದು ಒತ್ತಡ. ಇಡೀ ಪಾಠವನ್ನು ಔಷಧಿ ಅಂತಲೇ ಓದಿದ್ದಾನೆ.

ಶನಿವಾರ ಬಂದು ಉಳಿದುಕೋ. ದೊಡ್ಡಮ್ಮ ಹಲಸಿನ ಹಪ್ಪಳ ತೆಗೆದಿಟ್ಟಿದ್ದಾಳೆ. ರಾತ್ರಿ ಊಟ ಆದ ಮೇಲೆ ಚಾವಡಿಯಲ್ಲಿ ಕೂರೋಣ. ನೀನು ಹೆಡ್ ಮಾಷ್ಟ್ರ ಅರ್ಥ ಹೇಳು, ನಾನು ನಿನ್ನದು ಹೇಳುತ್ತೇನೆ. ಬರುವಾಗ ಆ ನೋಟ್ ಪುಸ್ತಕ ಮರೆಯಬೇಡ.

ಇತಿ,
ನಿನ್ನ ದೊಡ್ಡಪ್ಪ